ಸಣ್ಣ ಸಾಲಿಯ ಪಾಳಿ

ಖಾರ ಬೀಸುವ ಮಷಿನ್ ಮನೆಗೆ ಬಂದಾಗ ಪಡಸಾಲೆಯ ತುಂಬ ಓಣಿಯ ಕೂಸುಗಳು ಮಲಗಿದ್ದವು. ಮಧ್ಯಾಹ್ನದ ಊಟ ಮುಗಿದು, ಜಮಖಾನದ ಮೇಲೆ ಒಂದರ ಕಾಲು ಇನ್ನೊಂದರ ಹೊಟ್ಟೆಯ ಮೇಲೆ ಬಿದ್ದಿತ್ತು. ಬಾಗಿಲಲ್ಲಿ ಲಗೇಜ್ ಆಟೋ ನಿಂತ ಸಪ್ಪಳಕ್ಕೆ ಮಂಜವ್ವ ಹಿತ್ತಲಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು. ನೋಡಿದರೆ ಮಗ ಲೋಹಿತ, ಅವನ ಗೆಳೆಯ ಬಂಕಾಪುರದ ತನ್ವೀರ, ಇಬ್ಬರೂ ಸೇರಿ ಕಬ್ಬಿಣದ ಭಾರವಾದ ಯಂತ್ರವೊಂದನ್ನು ಹಗ್ಗ ಕಟ್ಟಿ ಇಳಿಸುತ್ತಿದ್ದರು.

“ಏ, ಮೆಲ್ಲಕ! ಹುಡುಗ್ರು ಮಕ್ಕೊಂಡಾವ.”

“ಮಕ್ಕೊಳ್ಳಿ ಬಿಡವಾ. ಎದ್ದ ಮ್ಯಾಲೆ ನೋಡ್ತಾವ,” ಎಂದ ಲೋಹಿತ. ಎಷ್ಟೋ ದಿನಗಳ ಮೇಲೆ ಅವನ ದನಿಯಲ್ಲಿ ಗೆಲುವಿತ್ತು.

“ಏನಿದು?”

“ಗಿರಣಿ. ಖಾರ ಬೀಸೂದು. ನಮ್ಮದು.”

“ನಮ್ಮದಾ? ನಿನ್ನ ಮೋಟರ್‌ಸೈಕಲ್ ಎಲ್ಲೈತಿ?”

ತನ್ವೀರ ಹಲ್ಲು ಬಿಟ್ಟ. “ಗಾಡಿ ನನ್ನ ಮನಿ ಮುಂದ ನಿಂತೈತಿ ಚಾಚಿ. ಅದನ್ನ ಕೊಟ್ಟು ಇದನ್ನ ತಂದಾನ. ನನ್ನ ಕಡೆ ಎರಡು ಮಷಿನ್ ಆಗಿದ್ವು, ಒಂದು ನಿಮ್ಮ ಮನಿಗೆ ಕೊಟ್ಟಂಗಾತು.”

ಸೊಸೆ ಸುಜಾತಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಅವಳು ಮಷಿನ್ ನೋಡಲಿಲ್ಲ, ಮಲಗಿದ ಕೂಸುಗಳನ್ನು ನೋಡಿದಳು. ಆಮೇಲೆ ಗಂಡನನ್ನು ನೋಡಿದಳು.

ಲೋಹಿತ ಸವಣೂರಿನ ಒಬ್ಬ ಎಲೆ ವ್ಯಾಪಾರಿಯ ಗಾಡಿ ಓಡಿಸುತ್ತಿದ್ದ. ವೀಳ್ಯದೆಲೆಯ ಪೆಂಡಿ ಹೇರಿಕೊಂಡು ಬೆಳಗಾಗುವಷ್ಟರಲ್ಲಿ ಹುಬ್ಬಳ್ಳಿ ಮುಟ್ಟುವ ಕೆಲಸ. ದೀಪಾವಳಿಯ ಹೊತ್ತಿಗೆ ಮಾಲಕ ಗಾಡಿಯನ್ನೇ ಮಾರಿಬಿಟ್ಟ. ಅಂದಿನಿಂದ ಲೋಹಿತ ಬಸ್ ನಿಲ್ದಾಣದ ಕಟ್ಟೆಗೆ ಹೋಗಿ ಕೂಡುವುದು, ಊಟದ ಹೊತ್ತಿಗೆ ಬರುವುದು, ತಾಟಿಗೆ ಹಾಕಿದ್ದನ್ನು ತಿಂದು ಏಳುವುದು. ಮೊದಲು ಪಲ್ಯಕ್ಕೆ ಉಪ್ಪು ಕಡಿಮೆಯಾದರೆ ಓಣಿಗೆ ಕೇಳುವ ಹಾಗೆ ಕೂಗುತ್ತಿದ್ದವ ಈಗ ಏನು ಬಡಿಸಿದರೂ ಸುಮ್ಮನಿರುತ್ತಿದ್ದ. ಮಗ ಬೈಯುವುದನ್ನು ಬಿಟ್ಟದ್ದೇ ಮಂಜವ್ವನಿಗೆ ಅಂಜಿಕೆ ಹುಟ್ಟಿಸಿತ್ತು.

ಆ ಸಂಜೆ ಒಲೆಯ ಮುಂದೆ ಮಾತು ಶುರುವಾಯಿತು. ಸುಜಾತಾ ರೊಟ್ಟಿ ಬಡಿಯುತ್ತ, ತಿರುಗದೆ ಕೇಳಿದಳು.

“ನಾಳಿಂದ ಹುಡುಗ್ರನ್ನ ಎಲ್ಲಿ ಕುಂಡ್ರಸೂದ್ರಿ?”

“ಎಲ್ಲಿ ಕುಂಡ್ರಸ್ತಿದ್ದಿ ಅಲ್ಲೇ. ಮಷಿನ್ ಮೂಲ್ಯಾಗ ಇರತೈತಿ. ಅವು ಮನಿಗೆ ಹೋದ ಮ್ಯಾಲೆ ಬೀಸ್ತೇನಿ.”

“ಖಾರದ ಘಾಟು ಗಡಿಯಾರ ನೋಡಿ ಹೊರಗ ಹೋಗತೈತೇನ್ರಿ?”

“ನೋಡವಾ, ಹೆಂಗ ಮಾತಾಡ್ತಾಳ. ನಾ ದುಡೀಬೇಕೋ ಬ್ಯಾಡೋ?”

“ಬ್ಯಾಡ ಅಂತ ಯಾರಂದ್ರು? ಪಡಸಾಲಿ ಬಿಟ್ಟು ದುಡೀರಿ.”

“ಪಡಸಾಲಿ ಯಾರದು?”

“ನಂದಪಾ,” ಎಂದ ಮೂಲೆಯಲ್ಲಿ ಕುಳಿತಿದ್ದ ಮಂಜವ್ವನ ಗಂಡ ಮೈಲಾರಪ್ಪ. ಬಂಕಾಪುರದ ಸಂತೆಯಲ್ಲಿ ಚೀಲ ಹೊತ್ತು ಹೊತ್ತು ಬೆನ್ನು ಬಾಗಿದ್ದರೂ ಅವನ ನಾಲಿಗೆ ನೆಟ್ಟಗಿತ್ತು. “ನಾ ಇನ್ನೂ ಜೀವಂತ ಅದೇನಿ. ನನ್ನ ಕೇಳಿದ್ರ ಎರಡೂ ಬ್ಯಾಡ. ಒಂದು ಹಗಲೆಲ್ಲ ಚೀರತೈತಿ, ಇನ್ನೊಂದು ಸಂಜಿಗೆ ಚೀರತೈತಿ. ನಾ ಮಕ್ಕೊಳ್ಳೂದು ಯಾವಾಗ?”

ಮಂಜವ್ವ ಎರಡೂ ಕಡೆಯ ಮುಖ ನೋಡಿದಳು. ಮಗನ ತಾಟಿನಲ್ಲಿ ಎರಡನೆಯ ರೊಟ್ಟಿ ಮುಗಿದಿತ್ತು, ಮೂರನೆಯದಕ್ಕೆ ಕೈ ಚಾಚಿದ್ದ. ಇಷ್ಟು ದಿನ ಒಂದಕ್ಕೇ ಏಳುತ್ತಿದ್ದ.

“ನಾಕು ದಿನ ನೋಡೋಣು,” ಎಂದಳು. “ಬೀಸಿದ ಮ್ಯಾಲೆ ನಾ ಪಡಸಾಲಿ ತೊಳೀತೇನಿ. ಮುಂಜಾನೆ ಹುಡುಗ್ರು ಬರೂದ್ರೊಳಗ ಮತ್ತೊಮ್ಮೆ ತೊಳೀತೇನಿ. ಆತಿಲ್ಲೋ?”

ಸುಜಾತಾ ಹಂಚಿನ ಮೇಲಿನ ರೊಟ್ಟಿಯನ್ನು ಬಟ್ಟೆಯಿಂದ ಒತ್ತಿದಳು. “ನಿಮ್ಮ ಮಾತಿಗೆ ಸುಮ್ನಾಗ್ತೇನ್ರಿ ಅತ್ತಿ. ಖಾರಕ್ಕ ನಿಮ್ಮ ಮಾತು ಗೊತ್ತಾಗೂದಿಲ್ಲ.”

ಓಣಿಯವರು ಸಣ್ಣ ಸಾಲಿ ಎನ್ನುತ್ತಿದ್ದ ಈ ಬಾಲವಾಡಿ ಸರಕಾರದ್ದಲ್ಲ, ಯಾವ ಸಂಸ್ಥೆಯದ್ದೂ ಅಲ್ಲ. ಹಿರೇಬೆಂಡಿಗೇರಿಯ ಅಂಚಿನ ಆ ಓಣಿಯ ಹೆಂಗಸರೇ ಕಟ್ಟಿಕೊಂಡದ್ದು. ಊರೊಳಗೆ ಅಂಗನವಾಡಿ ಇತ್ತು, ಆದರೆ ಅದು ತೆರೆಯುವ ಹೊತ್ತಿಗೆ ಕೂಲಿಯ ಹೆಂಗಸರು ಹೊಲದಲ್ಲಿ ಎರಡು ಸಾಲು ಮುಗಿಸಿರುತ್ತಿದ್ದರು. ಹಾಗಾಗಿ ಕೂಸುಗಳನ್ನು ಬಗಲಲ್ಲಿ ಎತ್ತಿಕೊಂಡೇ ಹೋಗಿ ಬದುವಿನ ಮೇಲೆ ಬಿಡುವುದು ರೂಢಿ. ಮೂರು ವರ್ಷದ ಹಿಂದೆ ಚನ್ನವೀರಪ್ಪನವರ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವಾಗ ಅದೇ ಓಣಿಯ ಸುಶೀಲವ್ವನ ಮೊಮ್ಮಗ ಫಕ್ಕೀರೇಶ ತೆವಳುತ್ತ ಹೋಗಿ ಕೃಷಿ ಹೊಂಡಕ್ಕೆ ಜಾರಿದ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿಗಟ್ಟಿತ್ತು, ಇಳಿದವರು ಹತ್ತುವ ಹಾಗಿರಲಿಲ್ಲ. ಮಂಜವ್ವ ಉಟ್ಟ ಸೀರೆಯಲ್ಲೇ ಇಳಿದು ಕೂಸಿನ ಅಂಗಿಯ ಕೊರಳು ಹಿಡಿದಳು. ಉಳಿದ ಹೆಂಗಸರು ಸೀರೆಗೆ ಸೀರೆ ಗಂಟು ಹಾಕಿ ಇಬ್ಬರನ್ನೂ ಎಳೆದರು.

ಅಂದೇ ಹೆಂಗಸರು ಮಂಜವ್ವನ ಪಡಸಾಲೆಯಲ್ಲಿ ಕೂತು ಗೊತ್ತು ಮಾಡಿಕೊಂಡರು. ಆ ಮನೆಯೊಂದೇ ರಸ್ತೆಗೆ ಮುಖ ಮಾಡಿತ್ತು. ಕೂಸನ್ನು ಇಳಿಸಿ ಅಲ್ಲೇ ಕೂಲಿಯವರನ್ನು ಹೊಲಕ್ಕೆ ಒಯ್ಯುವ ಟಂಟಂ ಆಟೋ ಹತ್ತಬಹುದು. ಸುಜಾತಾ ಹಾನಗಲ್ಲಿನಲ್ಲಿ ಪಿಯುಸಿ ಓದಿದವಳು, ಅವಳು ಕಲಿಸಬೇಕು. ಸುಗ್ಗಿಯಲ್ಲಿ ಅವಳಿಗೆ ಮನೆಗಿಷ್ಟು ಜೋಳ. ದಿನಕ್ಕೊಂದು ಮನೆಯವರು ಪಾಳಿಯ ಮೇಲೆ ಊಟ ಕೊಡಬೇಕು, ಆ ಮನೆಯ ಹೆಂಗಸು ಅಂದು ಕೂಲಿ ಬಿಟ್ಟು ಕೂಸುಗಳ ಮೂಗು ಒರೆಸಲು ನಿಲ್ಲಬೇಕು.

ಪಾಳಿಯ ಊಟಕ್ಕೆ ಒಂದು ಕಟ್ಟಳೆಯೂ ಇತ್ತು. ಮೊದಲ ವರ್ಷ, ಒಂದು ಮನೆಯವರು ತಾವು ಉಂಡು ಉಳಿದದ್ದನ್ನು ಕಳಿಸುತ್ತಾರೆ ಎಂದು ದೊಡ್ಡ ಜಗಳವಾಗಿತ್ತು. ಅಂದಿನಿಂದ ಪಾಳಿಯ ಅಡಿಗೆಯನ್ನು ಮನೆಯವರು ಯಾರೂ ಬಾಯಿಗೆ ಹಾಕುವಂತಿಲ್ಲ, ಉಪ್ಪು ನೋಡಲು ಸಹ. ಮುಚ್ಚಿದ ಪಾತೇಲಿ ಬರಬೇಕು, ಕೂಸುಗಳ ಮುಂದೆ ತೆರೆಯಬೇಕು, ಮೊದಲ ತುತ್ತು ಕೂಸಿನ ಬಾಯಿಗೇ ಬೀಳಬೇಕು. ಉಪ್ಪಿಲ್ಲದ ಸಾರು ಎಷ್ಟೋ ಸಲ ಬಂತು. ಆದರೆ ಕಟ್ಟಳೆ ಮುರಿಯಲಿಲ್ಲ. ಓಣಿಗೆ ಅದು ಹೆಮ್ಮೆಯ ಸಂಗತಿಯಾಗಿಬಿಟ್ಟಿತ್ತು.

ಮೆಣಸಿನಕಾಯಿಯ ಸುಗ್ಗಿ. ಲೋಹಿತನ ಗಿರಣಿಗೆ ಗಿರಾಕಿಗಳ ಬರವಿರಲಿಲ್ಲ. ಮದುವೆಯ ಮನೆಯವರು, ಖಾನಾವಳಿಯವರು, ವರ್ಷದ ಖಾರ ಮಾಡಿಸುವವರು ಚೀಲ ತಂದು ಇಳಿಸುತ್ತಿದ್ದರು. ಸಂಜೆ ಕೂಸುಗಳು ಹೋದ ಮೇಲೆ ಮಷಿನ್ ಶುರು. ಬಾಯಿಗೆ ಟವೆಲ್ ಸುತ್ತಿಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು ಲೋಹಿತ ದುಡಿಯುತ್ತಿದ್ದ. ಸಂತೆಯಿಂದ ಬರುವಾಗ ಸಣ್ಣ ಸಾಲಿಯ ಕೂಸುಗಳಿಗೆಂದು ಬಾಳೆಹಣ್ಣಿನ ಗೊನೆಯನ್ನೇ ಹೊತ್ತು ತರುತ್ತಿದ್ದ. ಪಲ್ಯಕ್ಕೆ ಉಪ್ಪು ಕಡಿಮೆಯಾದರೆ ಮತ್ತೆ ಕೂಗತೊಡಗಿದ್ದ. ಮಂಜವ್ವನಿಗೆ ಆ ಕೂಗು ಕೇಳಿ ಹೊಟ್ಟೆ ತಂಪಾಗುತ್ತಿತ್ತು.

ಆದರೆ ಖಾರ ಮನೆಯೊಳಗೆ ಕಾಲೂರಿತ್ತು. ಎಷ್ಟು ತೊಳೆದರೂ ಗೋಡೆಯ ಬಿರುಕು, ಜಮಖಾನದ ಎಳೆ, ಕಿಟಕಿಯ ಸರಳು ಎಲ್ಲ ಕಡೆ ಕೂತಿತ್ತು. ಮುಂಜಾನೆ ಸುಜಾತಾ ಬುದ್ಧನ ಪಟದ ಮುಂದೆ ಕೂಸುಗಳನ್ನು ನಿಲ್ಲಿಸಿ ಕೈಮುಗಿಸುವಾಗ ಮೊದಲು ಒಂದು ಸೀನುತ್ತಿತ್ತು, ಆಮೇಲೆ ಸಾಲಿಗೆ ಸಾಲೇ ಸೀನುತ್ತಿತ್ತು.

“ಈ ಮನ್ಯಾಗ ಸೀನಾಕೂ ಪಾಳಿ ಹಚ್ಚಬೇಕು,” ಎನ್ನುತ್ತಿದ್ದ ಮೈಲಾರಪ್ಪ.

“ನಗೂ ಮಾತಲ್ಲ ಮಾವಾ,” ಎಂದಳು ಸುಜಾತಾ. “ನಿನ್ನೆ ಇಬ್ಬರು ಬಂದಿಲ್ಲ. ಅವರವ್ವ ಟಂಟಂದಾಗಿಂದ ಮಾರಿ ತಿರುವಿಕೊಂಡು ಹೋದ್ಲು. ಅತ್ತಿ, ನಿಮ್ಮ ನಾಕು ದಿನ ಮುಗದು ಮೂರು ವಾರ ಆತು.”

“ಸುಗ್ಗಿ ಮುಗೀಲಿ ತಡಿಯವಾ.”

“ಸುಗ್ಗಿ ಮುಗಿಯೂದ್ರೊಳಗ ಸಾಲಿ ಮುಗೀತೈತ್ರಿ.”

ಲೋಹಿತ ಒಳಗಿನಿಂದ ಕೂಗಿದ. “ಮುಗದ್ರ ಮುಗೀಲಿ! ವರ್ಷಕ್ಕ ಮೂರು ಚೀಲ ಜೋಳ ಬರೋ ಸಾಲಿ!”

“ನಿಮ್ಮ ಮಗಳೂ ಅದ ಸಾಲ್ಯಾಗ ಕುಂಡ್ರತಾಳ. ಆಕಿನ್ನ ಎತ್ತಿಕೊಂಡು ಬೀಸ್ರಿ ಹಂಗಾರ.”

ಮೂರು ವರ್ಷದ ನೀಲಾಂಬಿಕಾ, ಮನೆಯವರ ನೀಲಿ, ತನ್ನ ಹೆಸರು ಬಂತೆಂದು ಅಪ್ಪನ ಕಾಲಿಗೆ ತೆಕ್ಕೆ ಹಾಕಿ ಒಂದು ದೊಡ್ಡ ಸೀನು ಸೀನಿದಳು. ಅವಳೊಬ್ಬಳೇ ನಕ್ಕಳು.

ಮಂಜವ್ವನ ಪಾಳಿ ಬಂದದ್ದು ಆ ವಾರವೇ. ಓಣಿಯ ಸಿಟ್ಟು ಇಳಿಸಲು ಇದೇ ಸಮಯವೆಂದು ಅವಳು ಗೋಧಿ ಹುಗ್ಗಿ ಮಾಡಲು ನಿಶ್ಚಯಿಸಿದಳು. ಹೊಸ ಗೋಧಿ ಬಂದಿತ್ತು. ಅಂಗಡಿಯ ನುಚ್ಚು ಯಾಕೆ, ಮಗನ ಮಷಿನ್ ಇರುವಾಗ? ಗಿರಣಿಯೂ ಸಾಲಿಯೂ ಒಂದೇ ಸೂರಿನಡಿ ಬಾಳಬಲ್ಲವು ಎಂದು ತೋರಿಸಿದಂತೆಯೂ ಆಗುತ್ತದೆ. ಲೋಹಿತ ಬಂಕಾಪುರಕ್ಕೆ ಹೋಗಿದ್ದ. ಅವಳೇ ಮಷಿನ್ನಿನ ಬಾಯಿ ಒರೆಸಿದಳು, ಜಾಲರಿ ತೊಳೆದು ದೊಡ್ಡ ಕಣ್ಣಿನದು ಹಾಕಿದಳು, ಮೊದಲು ಒಂದು ಬೊಗಸೆ ಜೋಳ ಬೀಸಿ ಚೆಲ್ಲಿದಳು. ಬೀಸಿದ್ದು ಬಂದು ಬೀಳುವ ಬಟ್ಟೆಯ ಚೀಲವನ್ನು ಎರಡು ಸಲ ಒಗೆದು ಬಿಸಿಲಿಗೆ ಹಾಕಿದ್ದಳು. ಆದರೆ ವಾರಗಟ್ಟಲೆ ಖಾರ ಕುಡಿದ ದಪ್ಪ ಬಟ್ಟೆ ಅದು. ಅದರ ಹೊಲಿಗೆಯ ಸಂದಿಯಲ್ಲಿ ಏನು ಕೂತಿದೆ ಎಂದು ಅವಳು ಬಿಚ್ಚಿ ನೋಡಲಿಲ್ಲ.

ಬೆಲ್ಲ, ಏಲಕ್ಕಿ, ಒಣಕೊಬ್ಬರಿ, ಮೇಲೆ ತುಪ್ಪ. ಹುಗ್ಗಿ ಬೆಲ್ಲದ ಬಣ್ಣಕ್ಕೆ ತಿರುಗಿ ಕೊತಕೊತ ಕುದಿಯಿತು. ಘಾಟು ಬಂದಿದ್ದರೂ ಆ ಮನೆಯಲ್ಲಿ ಗೊತ್ತಾಗುವಂತಿರಲಿಲ್ಲ, ಮೂರು ವಾರದಿಂದ ಅವರ ಮೂಗುಗಳಿಗೆ ಬೇರೆ ವಾಸನೆಯೇ ಇರಲಿಲ್ಲ. ಕಟ್ಟಳೆಯಂತೆ ಮಂಜವ್ವ ಒಂದು ಕಾಳನ್ನೂ ಬಾಯಿಗೆ ಹಾಕಲಿಲ್ಲ. ಪಾತೇಲಿ ಮುಚ್ಚಿ ತಂದು ಪಡಸಾಲೆಯ ನಡುವೆ ಇಟ್ಟು, ತೆರೆದಳು. “ಹುಗ್ಗಿ!” ಎಂದು ಕೂಸುಗಳು ತಾಟು ಬಡಿದವು.

ಮೊದಲ ತುತ್ತು ಬೆಲ್ಲದ ಸಿಹಿಯಲ್ಲಿ ಇಳಿದುಹೋಯಿತು. ಎರಡನೆಯದೂ. ಆಮೇಲೆ ನೀಲಿ ಅಜ್ಜಿಯ ಮುಖ ನೋಡಿ, “ಆಯಿ, ಬಾಯಿ...” ಎಂದಳು. ಅಷ್ಟರಲ್ಲಿ ಪಕ್ಕದ ಕೂಸು ಚೀರಿತು. ಒಂದೇ ಗಳಿಗೆಯಲ್ಲಿ ಪಡಸಾಲೆಯ ತುಂಬ ಅಳು. ಫಕ್ಕೀರೇಶ ಹುಗ್ಗಿ ಹತ್ತಿದ ಎರಡೂ ಕೈಗಳಿಂದ ಕಣ್ಣು ತಿಕ್ಕಿಕೊಂಡ, ನೆಲದ ಮೇಲೆ ಬಿದ್ದು ಉರುಳಾಡಿದ. ಸುಜಾತಾ ಕೊಡದ ನೀರನ್ನೇ ಅವನ ಮುಖದ ಮೇಲೆ ಸುರಿದಳು. “ಮಾವಾ, ಓಡ್ರಿ! ಯಾರ ಮನ್ಯಾಗಾರ ಹಾಲು, ಮೊಸರು, ಏನೈತಿ ತರ್ರಿ!” ಬಾಗಿದ ಬೆನ್ನಿನ ಮೈಲಾರಪ್ಪ ಅಂದು ಓಣಿಯಲ್ಲಿ ನಿಜವಾಗಿ ಓಡಿದ.

ಮಂಜವ್ವ ಒಂದು ಬೆರಳಷ್ಟು ಹುಗ್ಗಿ ನಾಲಿಗೆಗೆ ಹಚ್ಚಿಕೊಂಡಳು. ಸಿಹಿ. ಮತ್ತೆ, ಸ್ವಲ್ಪ ತಡೆದು, ಬೆಂಕಿ.

ಫಕ್ಕೀರೇಶನನ್ನು ಬಂಕಾಪುರದ ದವಾಖಾನೆಗೆ ಒಯ್ದರು. ಕಣ್ಣಿಗೆ ಧಕ್ಕೆಯಿಲ್ಲ, ಊತ ಇಳಿಯುತ್ತದೆ ಎಂದು ಹೇಳಿ ಹನಿ ಕೊಟ್ಟರು. ಹೊಲದಿಂದ ಓಡಿ ಬಂದ ಸುಶೀಲವ್ವ ಮೊಮ್ಮಗನನ್ನು ಹೆಗಲಿಗೆ ಹಾಕಿಕೊಂಡು ನಿಂತಳು. ಬೈಯುತ್ತಾಳೆಂದು ಮಂಜವ್ವ ಕಾದಳು. ಬೈದಿದ್ದರೆ ಚೆನ್ನಾಗಿತ್ತು.

“ನೀರಾಗಿಂದ ಇವನ್ನ ಎಳದಾಕಿ ನೀನ,” ಎಂದಳು ಸುಶೀಲವ್ವ. “ನಿನಗ ಏನನ್ಲಿ ನಾ, ಮಂಜಕ್ಕ?”

“ತಪ್ಪು ನಂದು. ಚೀಲ ನಾ ಒಗದಿದ್ದೆ, ಆದರ...”

“ಚೀಲ ಅಲ್ಲ ಯಕ್ಕಾ. ಖಾರದ ಮಷಿನ್ ಇರೋ ಮನ್ಯಾಗ ಕೂಸು ಬಿಟ್ಟಿವಲ್ಲ, ಅದು ನಮ್ಮ ತಪ್ಪು.”

ಮರುದಿನ ಮುಂಜಾನೆ ಟಂಟಂ ಮನೆಯ ಮುಂದೆ ನಿಲ್ಲಲೇ ಇಲ್ಲ. ಕೂಸುಗಳು ತಾಯಂದಿರ ತೊಡೆಯ ಮೇಲೆ ಕೂತು ಹೊಲದ ಕಡೆ ಹೋದವು. ಸುಜಾತಾ ಜಮಖಾನ ಹಾಸಿ ಮಧ್ಯಾಹ್ನದವರೆಗೆ ಕಾದಳು. ನೀಲಿಯೊಬ್ಬಳೇ ಅದರ ಮೇಲೆ ಈ ತುದಿಯಿಂದ ಆ ತುದಿಗೆ ಉರುಳಿ ಆಡಿದಳು.

ಊಟದ ಹೊತ್ತಿಗೆ ಲೋಹಿತ ತಾಟು ತಳ್ಳಿದ. “ನಾ ಇಲ್ಲದಾಗ ಮಷಿನ್ ಮುಟ್ಟಂತ ಯಾರಂದಿದ್ರು ನಿನಗ? ಎಲ್ಲಾರೂ ನನ್ನ ನೋಡಾಕತ್ತಾರ, ನಾನ ಹುಡುಗ್ರಿಗೆ ವಿಷ ಹಾಕಿದವನ ಹಂಗ.”

“ಮಷಿನ್ ಇಲ್ಲಿ ತಂದವರು ಯಾರ್ರಿ?” ಎಂದಳು ಸುಜಾತಾ.

“ಇಡಾಕ ಹೂಂ ಅಂದವರು ಯಾರು?”

ಇಬ್ಬರೂ ಮಂಜವ್ವನ ಕಡೆ ತಿರುಗಿದರು. ಅವಳು ತಲೆ ತಗ್ಗಿಸಲಿಲ್ಲ. “ನಾ ಅಂದೆ,” ಎಂದಳು. “ಹೌದು. ನಾನ ಅಂದೆ. ಈಗ ಉಣ್ರಿ.”

ಮರುದಿನ ಮಂಜವ್ವ ಕಸ ಹೊಡೆಯುವಾಗ ಸುಜಾತಾ ಜಮಖಾನ ಸುತ್ತಿ ಹಗ್ಗ ಬಿಗಿಯುತ್ತಿದ್ದಳು. ಪಾಟಿ, ಬಳಪ, ಬಣ್ಣದ ಮಣಿಗಳ ಡಬ್ಬಿ ಎಲ್ಲ ಒಂದು ಚೀಲದಲ್ಲಿ. ತವರಿಗೆ ಹೊರಟಳೇ ಎಂದು ಅತ್ತೆ ಕಸಬರಿಗೆ ಹಿಡಿದೇ ಹತ್ತಿರ ಬಂದಳು.

“ಹಾನಗಲ್ಲಿಗೇನು?”

“ಹೊಲಕ್ಕ್ರಿ,” ಎಂದಳು ಸುಜಾತಾ. ಜಮಖಾನದ ಸುರುಳಿಯನ್ನು ತಲೆಯ ಮೇಲೆ ಇಟ್ಟುಕೊಂಡು, ಮಗಳನ್ನು ಬಗಲಿಗೆ ಏರಿಸಿದಳು. “ಹುಡುಗ್ರು ಸಾಲಿಗೆ ಬರಲಿಲ್ಲಂದ್ರ ಸಾಲೀನ ಹುಡುಗ್ರ ಕಡೆ ಹೋಗತೈತಿ. ಹೊಂಡ ಹಂಗ ಐತಲ್ರಿ ಅಲ್ಲಿ.”

ಅವಳು ಕೈ ಅಡ್ಡ ಮಾಡಿ ನಿಲ್ಲಿಸಿದ ಟಂಟಂದಲ್ಲಿ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. “ಸಾಲಿ ಅಕ್ಕೋರು ಕೂಲಿಗೆ ಬರ್ತಾರೇನ?” ಎಂದು ಒಬ್ಬಳು ಕೆಣಕಿದಳು. ಸುಜಾತಾ, “ಸರೀರಿ, ಜಾಗ ಬಿಡ್ರಿ,” ಎಂದು ಸೇರಿಕೊಂಡಳು.

ಮಂಜವ್ವ ಒಂದು ಗಳಿಗೆ ಬಾಗಿಲಲ್ಲಿ ನಿಂತಳು. ಆಮೇಲೆ ಕಸಬರಿಗೆ ಬಿಟ್ಟು, ನೀರಿನ ಕೊಡ ಎತ್ತಿಕೊಂಡು ನಡೆದೇ ಹೊರಟಳು. ಊಟ ಒಯ್ಯಲಿಲ್ಲ, ತನ್ನ ಕೈಯ ಅಡಿಗೆಯನ್ನು ಯಾವ ತಾಯಿಯೂ ಮುಟ್ಟಗೊಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಹೊಲದ ಬೇವಿನ ಮರದ ಹರಕು ನೆರಳಿನಲ್ಲಿ ಸುಜಾತಾ ಜಮಖಾನ ಹಾಸಿದಳು. ತಾಯಂದಿರು ಮೊದಲು ದೂರದಿಂದ ನೋಡಿದರು. ಕೂಸುಗಳು ಕೇಳಲಿಲ್ಲ, ಒಂದೊಂದೇ ಬಂದು ಕೂತವು. ಮಂಜವ್ವ ಹೊಂಡದ ಅಂಚಿಗೆ ಹೋಗಿ ಅದಕ್ಕೆ ಬೆನ್ನು ಮಾಡಿ ಕುಳಿತಳು. ಕೂಸು ಅತ್ತ ಬಂದರೆ ಎತ್ತಿ ತಂದು ಬಿಡುವುದು, ಮತ್ತೆ ಹೋಗಿ ಕೂಡುವುದು. ಚನ್ನವೀರಪ್ಪನವರು ಬೈಕು ನಿಲ್ಲಿಸಿ ಕೇಳಿದರು.

“ಏನಬೇ ಇದು, ಮೀಟಿಂಗೇನು?”

“ಸಾಲಿರಿ ಧಣಿ.”

“ಹೊಲದಾಗ?”

“ಮನ್ಯಾಗ ಜಾಗ ಇಲ್ಲದಂಗ ಆಗೇತ್ರಿ.”

ಅವರು ಹೊಂಡವನ್ನೂ ಅವಳನ್ನೂ ನೋಡಿ, “ಕುಂದ್ರು, ಕುಂದ್ರು. ಏಳಬ್ಯಾಡ ಅಲ್ಲಿಂದ,” ಎಂದು ಹೋದರು.

ಎರಡು ವಾರ ಹೀಗೇ ನಡೆಯಿತು. ಬಿಸಿಲು ಏರಿತು. ಸುಜಾತಾಳ ಮುಖ ಕಪ್ಪಿಟ್ಟು ತುಟಿ ಒಡೆದವು. ಮನೆಗೆ ಬಂದು ನೀರು ಹೊಯ್ದುಕೊಂಡು ರೊಟ್ಟಿಗೆ ಕೂಡುತ್ತಿದ್ದಳು, ಗಂಡನಿಗೆ ಬಡಿಸಿ, ಮರುದಿನದ ಪಾಟಿ ಬಳಪ ಚೀಲಕ್ಕೆ ತುಂಬುತ್ತಿದ್ದಳು. ಖಾಲಿ ಪಡಸಾಲೆಯಲ್ಲಿ ಈಗ ಹಗಲೂ ಬೀಸಬಹುದಿತ್ತು. ಆದರೆ ಲೋಹಿತನ ಕೈ ಏಳುತ್ತಿರಲಿಲ್ಲ. ಒಂದು ಚೀಲ ಬೀಸಿ ಮಷಿನ್ ನಿಲ್ಲಿಸಿ, ಬಾಗಿಲಲ್ಲಿ ಬಂದು ಕೂಡುತ್ತಿದ್ದ.

ಒಂದು ಸಂಜೆ ಮಂಜವ್ವ ಹೊಲದಿಂದ ಬಂದವಳೇ, ಕಾಲು ಸಹ ತೊಳೆಯದೆ ಅವನ ಮುಂದೆ ನಿಂತಳು.

“ಲೋಹಿತಾ, ಮಷಿನ್ ತಗಿ.”

“ತಗದು ಎಲ್ಲಿ ಇಡ್ಲಿ? ತಲಿ ಮ್ಯಾಲೆ ಇಟಗೊಂಡು ತಿರಗಲೇನು?”

“ಹೂಂ, ತಿರಗು. ನಿನ್ನ ಹೆಂಡ್ತಿ ಇಡೀ ಸಾಲೀನ ತಲಿ ಮ್ಯಾಲೆ ಹೊತಗೊಂಡು ಹೋಗ್ಯಾಳ. ಅದು ಅಳತೈತಿ, ಓಡತೈತಿ, ಉಚ್ಚಿ ಹೊಯ್ಕೋತೈತಿ. ನಿನ್ನ ಮಷಿನ್ ಒಂದೂ ಮಾಡೂದಿಲ್ಲ. ಅದಕ್ಕ ಗಾಲಿ ಹಚ್ಚಾಕ ಆಗೂದಿಲ್ಲೇನು? ನೀ ಡ್ರೈವರ್ ಅಲ್ಲೇನು?”

“ಗಾಡಿ ಇಲ್ಲದ ಡ್ರೈವರು.”

“ಅದನ್ನ ತಂದ ಆಟೋ ಯಾರದು?”

ಲೋಹಿತ ಮೂಲೆಯ ಮಷಿನ್ ಕಡೆ ನೋಡಿದ. “ಅದಕ್ಕ ಕರೆಂಟ್ ಬೇಕವಾ.”

“ನನಗ ಅದೆಲ್ಲ ಗೊತ್ತಿಲ್ಲ. ಗೊತ್ತಿದ್ದವರನ್ನ ಕೇಳು. ಇಷ್ಟು ದಿನ ನಿನಗ ಹೂಂ ಅಂದೇನಿ, ಆಕಿಗೂ ಹೂಂ ಅಂದೇನಿ. ಇನ್ನ ಹೂಂ ಮುಗೀತು. ಪಡಸಾಲಿ ಹುಡುಗ್ರದು.”

“ಅಪ್ಪಾ, ನೋಡು ಇಕಿನ್ನ.”

ಮೈಲಾರಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದ. “ಪಡಸಾಲಿ ನಂದು ಅಂದಿದ್ನಲ್ಲ, ಈಗ ಹೇಳ್ತೇನಿ ಕೇಳು. ಹುಡುಗ್ರು ಇದ್ದಾಗ ನನಗ ನಿದ್ದಿ ಬರ್ತಿರಲಿಲ್ಲ ಖರೆ. ಈಗ ಯಾರೂ ಇಲ್ಲ, ಈಗೂ ಬರವಲ್ದು.”

ಲೋಹಿತ ಎದ್ದು ಹೋದ. ಮೂರ್ನಾಲ್ಕು ದಿನ ತಾಯಿಯೊಡನೆ ಮಾತಾಡಲಿಲ್ಲ. ಬಂಕಾಪುರಕ್ಕೆ ಹೋಗುವನು, ಬರುವನು. ಆಮೇಲೆ ಒಂದು ಮುಂಜಾನೆ ತನ್ವೀರನ ಅದೇ ಲಗೇಜ್ ಆಟೋ ಬಂದು ನಿಂತಿತು. ಹಿಂದೆ ಹಳೆಯ ಡೀಸೆಲ್ ಎಂಜಿನ್ ಕೂಡಿಸಿದ್ದರು.

“ಚಾಚಿ, ನಿಮ್ಮ ಮಗನ ತಲಿ ಓಡತೈತಿ,” ಎಂದ ತನ್ವೀರ. “ಮೆಣಸಿನಕಾಯಿ ಗಿರಣಿಗೆ ಬರೂದು ಬ್ಯಾಡ, ಗಿರಣೀನ ಕಣಕ್ಕ ಹೋಗತೈತಿ. ಸವಣೂರ, ಶಿಗ್ಗಾವಿ, ಹಿರೇಕೆರೂರತನಾ ಮನಿ ಮುಂದ ಬೀಸಿ ಕೊಡೂದು. ಗಾಡಿ ನಂದು, ಮಷಿನ್ ಇವಂದು, ಪಾಲು ಸಮ.”

“ಅವನ ತಲಿ ಹೌದಲ್ಲ,” ಎಂದಳು ಮಂಜವ್ವ, ಮಗನ ಕಡೆ ನೋಡದೆ. ಲೋಹಿತನೂ ನೋಡಲಿಲ್ಲ. ಮಷಿನ್ನಿನ ಒಂದು ಬದಿಗೆ ಹೆಗಲು ಕೊಡುವಾಗ, “ಸರಿಯವಾ, ಕಾಲ ಮ್ಯಾಲೆ ಬಿದ್ದೀತು,” ಎಂದಷ್ಟೇ ಅಂದ. ಅದು ಅವನು ಮಾತು ಬಿಟ್ಟ ಮೇಲಿನ ಮೊದಲ ಮಾತು.

ಮಷಿನ್ ಹೋದ ಜಾಗದಲ್ಲಿ ನೆಲ ಕೆಂಪಗಿತ್ತು. ಅತ್ತೆ ಸೊಸೆ ಇಬ್ಬರೂ ಸೇರಿ ಸೋಪಿನ ನೀರು ಹಾಕಿ ತಿಕ್ಕಿದರು. ಗೋಡೆಯ ಗಿಲಾವು ಕೆರೆದರು, ಬಿರುಕಿಗೆ ಸಿಮೆಂಟು ಮೆತ್ತಿದರು, ಸುಣ್ಣ ಹೊಡೆದರು. ಹಳೆಯ ಜಮಖಾನವನ್ನು ಸುಜಾತಾ ಹಿತ್ತಲಿಗೆ ಎಸೆದು ಮನೆಯ ಎರಡ್ಮೂರು ಹಳೆ ಸೀರೆಗಳಿಂದ ಕೌದಿ ಹೊಲಿದಳು. ಕೆಲಸದ ನಡುವೆ ಅತ್ತೆ ಕೇಳಿದಳು. “ನನ್ನ ಮ್ಯಾಲೆ ಸಿಟ್ಟೇನ?”

“ಹೂಂ ರಿ,” ಎಂದಳು ಸುಜಾತಾ. “ಆ ಮ್ಯಾಲಿನ ಮೂಲಿ ಉಳದೈತಿ. ಕುಂಚ ಕೊಡ್ರಿ.”

ಆದರೂ ಕೂಸುಗಳನ್ನು ಇಳಿಸಲು ಟಂಟಂ ನಿಲ್ಲಲಿಲ್ಲ, ಸುಜಾತಾ ಕೌದಿ ಹೊತ್ತು ಹೊಲಕ್ಕೇ ಹೋಗುತ್ತಿದ್ದಳು. ಮಂಜವ್ವ ಮನೆಮನೆಗೆ ಹೋದಳು. “ಮಷಿನ್ ಹೋಗೇತಿ, ಬಂದು ನೋಡ್ರಿ.” ಚಾ ಕುಡಿಸಿದರು, ನೋಡೋಣ ಎಂದರು. ಎಲ್ಲರೂ ಸುಶೀಲವ್ವನ ಬಾಯಿ ನೋಡುತ್ತಿದ್ದರು. ಮಂಜವ್ವ ಒಂದು ದಿನವಲ್ಲ, ಪ್ರತಿ ಸಂಜೆ ಸುಶೀಲವ್ವನ ಕಟ್ಟೆಗೆ ಹೋಗಿ ಕೂಡತೊಡಗಿದಳು. ಮಾತಿಲ್ಲದಿದ್ದರೆ ಅವಳ ಜೊತೆ ಶೇಂಗಾ ಸುಲಿದು ಕೊಟ್ಟು ಬರುವಳು.

“ದಿನಾ ಬಂದು ಯಾಕ ಕುಂಡ್ರತಿ ಯಕ್ಕಾ?”

“ನೀ ಬಂದು ನೋಡೂತನಾ ಕುಂಡ್ರತೇನಿ. ನನಗೇನು ಅವಸರ ಇಲ್ಲ.”

ಕಡೆಗೆ ಸುಶೀಲವ್ವ ಬಂದಳು, ಹಿಂದೆ ಓಣಿಯ ಹೆಂಗಸರು. ಗೋಡೆಗೆ ಮೂಗು ಹಚ್ಚಿದಳು. ಕಿಟಕಿಯ ಸರಳಿಗೆ ಬೆರಳು ತಿಕ್ಕಿ ನಾಲಿಗೆಗೆ ಇಟ್ಟುಕೊಂಡಳು. ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಉದ್ದಕ್ಕೆ ಉಸಿರೆಳೆದಳು. ಎಲ್ಲರೂ ಸೀನಿಗಾಗಿ ಕಾದರು. ಬರಲಿಲ್ಲ.

“ಸುಣ್ಣದ ವಾಸನಿ,” ಎಂದಳು. “ಆದರ ಒಂದು ಮಾತು. ಆ ಕಟ್ಟಳೆ ತಗೀರಿ. ಇನ್ನ ಮ್ಯಾಲೆ ಅಡಗಿ ಮಾಡಿದಾಕಿ ಹುಡುಗ್ರ ಮುಂದ ಕುಂತು ಮೊದಲ ತಾನ ಉಣ್ಣಬೇಕು.”

“ಹಂಗಾದ್ರ ಕೆಲವರು ಪಾತೇಲಿ ಖಾಲಿ ಮಾಡ್ಯಾರು,” ಎಂದು ಯಾರೋ ಅಂದರು. ನಗು ಎದ್ದಿತು.

“ಖಾಲಿ ಆದ್ರ ಮತ್ತ ಮಾಡಸೂದು. ಮೊದಲ ಪಾಳಿ ಮಂಜಕ್ಕಂದ.”

“ಆಕಿದಾ? ಹುಡುಗ್ರು ಉಣ್ತಾವೇನ?”

“ಉಣ್ಣಲಿಲ್ಲಂದ್ರ ಸಾಲಿ ನಡಿಯೂದಿಲ್ಲ,” ಎಂದಳು ಸುಶೀಲವ್ವ. “ಅಂಜಿಕಿ ಎಲ್ಲಿ ಹೊಕ್ಕೈತಿ ಅಲ್ಲಿಂದಾ ಹೊರಗ ಹೋಗಬೇಕು.”

ಪಾಳಿಯ ಮುಂಜಾನೆ ಮೈಲಾರಪ್ಪ ಒಲೆಯ ಬಳಿ ಬಂದು ಇಣುಕಿದ. “ಸುಮ್ಮನ ಅನ್ನ ಸಾರು ಮಾಡು. ಹುಗ್ಗಿ ಹೆಸರ ತಗೀಬ್ಯಾಡ.”

“ಹುಗ್ಗಿನ ಮಾಡ್ತೇನಿ,” ಎಂದಳು ಮಂಜವ್ವ. ನೆರೆಮನೆಯ ಬೀಸುಕಲ್ಲಿನಲ್ಲಿ ನಿನ್ನೆ ಕೈಯಾರೆ ಒಡೆದು ತಂದ ಗೋಧಿಯನ್ನು ತೊಳೆಯುತ್ತಿದ್ದಳು. “ಬ್ಯಾರೆ ಏನು ಮಾಡಿದ್ರೂ ಇದರ ಅಂಜಿಕಿ ಉಳದಬಿಡತೈತಿ.”

ಮಧ್ಯಾಹ್ನ ಕೂಸುಗಳು ಕೌದಿಯ ಮೇಲೆ ಸಾಲಾಗಿ ಕೂತವು. ಪಾತೇಲಿಯ ಮುಚ್ಚಳ ತೆಗೆದಾಗ ಈ ಸಲ ಯಾವ ತಾಟೂ ಸಪ್ಪಳ ಮಾಡಲಿಲ್ಲ. ಬಾಗಿಲಲ್ಲಿ ಸುಶೀಲವ್ವ ನಿಂತಿದ್ದಳು. ಮಂಜವ್ವ ನಡುವೆ ಚಕ್ಕಳಮಕ್ಕಳ ಹಾಕಿ ಕೂತು, ತಾಟಿಗೆ ಹಾಕಿಕೊಂಡು, ಒಂದು ತುತ್ತು ಉಂಡಳು. ಕೂಸುಗಳ ಕಣ್ಣೆಲ್ಲ ಅವಳ ಬಾಯಿಯ ಮೇಲೆ.

ನೀಲಿ ಮೊದಲು ಬಾಯಿ ತೆರೆದಳು. ಅವಳು ಚಪ್ಪರಿಸಿದ ಮೇಲೆ ಅವಳ ಪಕ್ಕದ್ದು, ಅದರ ಪಕ್ಕದ್ದು. ಸುಜಾತಾ ತಾಟಿನಿಂದ ತಾಟಿಗೆ ಬಡಿಸುತ್ತ ಬಂದು ಫಕ್ಕೀರೇಶನ ಮುಂದೆ ನಿಂತಳು. ಅವನು ಎರಡೂ ಕೈಗಳನ್ನು ಒಂದರ ಮೇಲೊಂದು ಬಾಯಿಗೆ ಅಡ್ಡ ಒತ್ತಿಕೊಂಡಿದ್ದ.

“ಇನ್ನೊಂದು ತಿನ್ನು,” ಎಂದ ಕೈಗಳ ಹಿಂದಿನಿಂದ, ಮಂಜವ್ವನಿಗೆ.

ಅವಳು ತಿಂದಳು.

“ಇನ್ನೊಂದು.”

ತಿಂದಳು.

“ನೀರು ಕುಡೀಬ್ಯಾಡ.”

“ಇಲ್ಲಪಾ, ಕುಡಿಯೂದಿಲ್ಲ. ನೋಡು, ತಂಬಗಿ ಅಲ್ಲಿ ಇಟ್ಟೇನಿ.”

“ಇನ್ನೊಂದು.”

ತಾಟು ಮುಗಿಯಿತು. ಅವಳು ಮತ್ತೆ ಬಡಿಸಿಕೊಂಡಳು. ಉಳಿದ ಕೂಸುಗಳು ಉಂಡು, ಕೈ ತೊಳೆದು, ಮಲಗಲು ಜಾಗಕ್ಕಾಗಿ ಜಗಳ ಶುರುಮಾಡಿದ್ದವು. ಮಂಜವ್ವನ ಹೊಟ್ಟೆ ತುಂಬಿ ಬಿಗಿದು ಬಂದಿತ್ತು, ಸಿಹಿ ಗಂಟಲಿನವರೆಗೆ ನಿಂತಿತ್ತು. ಹುಡುಗ ಅವಳ ಮುಖದಿಂದ ಕಣ್ಣು ಕೀಳಲಿಲ್ಲ. ಬೆವರು ಬರುತ್ತದೆಯೇ, ಕಣ್ಣಲ್ಲಿ ನೀರು ಬರುತ್ತದೆಯೇ, ಎಲ್ಲ ನೋಡಿದ. ಆಮೇಲೆ ಬಾಯಿಯ ಮೇಲಿಂದ ಒಂದು ಕೈ ತೆಗೆದ.

ಇನ್ನೊಂದು ಕೈ ಇನ್ನೂ ಅಲ್ಲೇ ಇತ್ತು. ಮಂಜವ್ವ ಸರಿಯಾಗಿ ಕೂತು, ಮತ್ತೊಂದು ತುತ್ತಿಗೆ ಕೈ ಹಾಕಿದಳು.